ಸಮತೂಕಿ ಮತ್ತು ಹಿಂದಿನ ಆಸನ

ಸಮತೂಕಿ ಕೆಲಸ ಮಾಡುತ್ತಿತ್ತು. ಕೃಷ್ಣಾ ತೀರದ ಸೇನಾ ಮೈದಾನಕ್ಕೆ ಜೋಡಿರೆಕ್ಕೆಯ ವಿಮಾನ ಕೂದಲೆಳೆಯಷ್ಟೂ ವಾಲದೆ ಇಳಿಯುವುದನ್ನು ಡಾ. ವಸುಮತಿ ದುರ್ಬೀನಿನಲ್ಲಿ ನೋಡುತ್ತಿದ್ದರು.

ಮರದ ಚೌಕಟ್ಟು, ಬಟ್ಟೆಯ ಹೊದಿಕೆ, ರೆಕ್ಕೆಗಳ ನಡುವೆ ಬಿಗಿದ ತಂತಿ. ವಿಮಾನಯುಗದ ಮೊದಲ ದಿನಗಳ ಯುದ್ಧವಿಮಾನದ ವಿನ್ಯಾಸವದು. ಮುಂದೆ ಚಾಲಕ, ಹಿಂದೆ ವೀಕ್ಷಕ. ಅಂಗೈಯಗಲ ಜಾಗ ಸಿಕ್ಕರೂ ಇಳಿಯುತ್ತದೆಂದು ಪ್ರವಾಹದ ಕೆಲಸಕ್ಕೆ ಸೇನೆ ಅದನ್ನು ಮತ್ತೆ ಕಟ್ಟಿಸಿತ್ತು. ಅದಕ್ಕೊಂದು ಹಳೆಯ ರೋಗವಿತ್ತು: ಹಿಂದಿನ ಆಸನ ಖಾಲಿಯಾದರೆ ಮೂಗು ತಗ್ಗುತ್ತಿತ್ತು, ಒಬ್ಬನೇ ಹಾರುವಾಗ ಅಲ್ಲಿ ಮರಳಿನ ಚೀಲ ಕಟ್ಟಬೇಕಿತ್ತು. ವಸುಮತಿಯವರು ಕಂಡುಹಿಡಿದ ಸಮತೂಕಿ ವಿಮಾನದ ಹೊಟ್ಟೆಯೊಳಗಿನ ಸೀಸದ ಗುಂಡನ್ನು ತಾನೇ ಹಿಂದೆ ಮುಂದೆ ಸರಿಸಿ ತೂಕ ಸರಿಮಾಡುತ್ತಿತ್ತು. ಸರಿಯಾದೊಡನೆ ಚಾಲಕನೆದುರು ಹಸಿರು ದೀಪ.

ಮೊದಲೆಲ್ಲ ಚಾಲಕರು ಹೊರಡುವ ಮುನ್ನ ತಿರುಗಿ, "ಕುಂತ್ಯಾ?" ಎಂದು ಕೂಗುತ್ತಿದ್ದರು. ದೀಪ ಬಂದ ಮೇಲೆ ಆ ರೂಢಿ ಬಿದ್ದುಹೋಯಿತು. ದೀಪ ಹತ್ತಿದರೆ ಜೊತೆಗಾರ ಕುಳಿತಿದ್ದಾನೆಂದೇ ಅವರು ತಿಳಿದರು. ಹಾಗಲ್ಲ ಎಂದು ಹೇಳಬೇಕೆಂಬುದು ನಮ್ಮ ವಿಜ್ಞಾನಿಗೆ ಹೊಳೆಯಲೇ ಇಲ್ಲ. ಅತಿ ಜಾಣರ ಜಾಣತನ ಕೈಕೊಡುವುದು ಇಂಥಲ್ಲೇ.

ವಿಮಾನ ಬಂದು ನಿಂತಿತು. ಹಿಂದಿನ ಆಸನ ಖಾಲಿ.

ವಸುಮತಿಯವರಿಗೆ ಮೊದಲು ಆದದ್ದು ಸಂತೋಷ. ಆಳಿಲ್ಲದೆಯೂ ಒಂದಿಷ್ಟೂ ವಾಲಲಿಲ್ಲವಲ್ಲ! ತಮ್ಮ ಯಂತ್ರ ಗೆದ್ದಿತೆಂದು ಅವರು ನಕ್ಕೇಬಿಟ್ಟರು. ಆಮೇಲೆ ಅರಿವಾಗಿ ವಿಮಾನದತ್ತ ಓಡಿದರು.

"ಶಿವಪುತ್ರ, ದಾವಲಸಾಬ ಎಲ್ಲಿ?"

ಚಾಲಕ ತಿರುಗಿ ನೋಡಿದ. ಮುಖ ಸುಣ್ಣವಾಯಿತು.

"ಹಿಂದ ಅದಾನ ಅಂದ್ಕೊಂಡಿದ್ನಿರೀ ಮೇಡಂ... ನಡುಗಡ್ಡಿ ಮ್ಯಾಲೆ ಗಾಲಿ ಕೆಸರಾಗ ಹುಗದಿತ್ತು. ಇಳದು ನೂಕಲೇ ಅಂತ ಬೈದೆ. ಗಾಲಿ ಬಿಟ್ಟಿತು, ಹಸರ ದೀಪ ಹತ್ತಿತು, ಹಾರಿಸಿಬಿಟ್ಟೆ. ದಾರ್ಯಾಗ ಮಾತಾಡಿಸಿದ್ರ ಮಾತಾಡ್ಲಿಲ್ಲ. ಸಿಟ್ಟಾಗ್ಯಾನ ಅಂದ್ಕೊಂಡೆ."

ಅಣೆಕಟ್ಟಿನ ಬಾಗಿಲು ತೆರೆದಿದ್ದರು. ಸಂಜೆಯೊಳಗೆ ನಡುಗಡ್ಡೆ ಮುಳುಗುವುದಿತ್ತು. ಶಿವಪುತ್ರ ವಿಮಾನವನ್ನು ಹಾಗೆಯೇ ತಿರುಗಿಸಿಕೊಂಡು ಹೋದ. ಇಳಿಯಲು ನೆಲ ಉಳಿದಿರಲಿಲ್ಲ. ಜಾಲಿಮರಕ್ಕೆ ಜೋತುಬಿದ್ದ ಗೆಳೆಯನ ಮೇಲೆ ಸುತ್ತು ಹಾಕುತ್ತ ಮೀನುಗಾರರ ಹರಗೋಲಿಗೆ ದಾರಿ ತೋರಿಸಿದ.

ಹೊತ್ತು ಮುಳುಗುವಾಗ ದಾವಲಸಾಬ ದಡಕ್ಕೆ ಬಂದ. ಮೈಯೆಲ್ಲ ಮುಳ್ಳು ಗೀರಿತ್ತು. ಕಂಬಳಿ ಹೊದಿಸಿದ ಶಿವಪುತ್ರನನ್ನೇ ನೋಡಿದ.

"ನಾ ಇಲ್ಲದ್ದು ನಿನಗ ಗೊತ್ತಽ ಆಗ್ಲಿಲ್ಲೇನಲೇ?"

ಶಿವಪುತ್ರ ಅವನ ಕೈ ಹಿಡಿದು ಅತ್ತ.

"ತಪ್ಪು ನನ್ನದು," ಎಂದರು ವಸುಮತಿ. "ಆ ದೀಪ ತೂಕ ನೋಡುತ್ತದೆ, ಮನುಷ್ಯನನ್ನಲ್ಲ. ನಾನು ಹೇಳಬೇಕಿತ್ತು."

"ಇರ್ಲಿ ಬಿಡ್ರಿ ಮೇಡಂ. ಸೀಟು ಖಾಲಿ ಅದ ಅಂತ ಮೊದಲ ನೋಡಿದವ್ರು ನೀವಂತ. ಅದಕ್ಕಽ ನನ್ನ ಜೀವ ಉಳೀತು." ದಾವಲಸಾಬ ನಡುಗುತ್ತಲೇ ಕೈಮುಗಿದ. "ಖಾಲಿ ಸೀಟು ನೋಡಿ ಭಾಳ ಹೆದರಿದ್ರೇನ್ರಿ?"

ವಸುಮತಿಯವರಿಗೆ ತಾವು ನಕ್ಕದ್ದು ನೆನಪಾಗಿ, ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಎನಿಸಿತು. ಅವನ ಮುಖ ನೋಡಲಾಗಲಿಲ್ಲ.

"ಹೂಂ," ಎಂದರು.