ಎರಡನೆಯ ಬಿಸ್ಕತ್ತು

ದೋಣಿ ದಾಟಿ ಐದು ನಿಮಿಷವಾಗಿತ್ತು. ಆದರೂ ಸೇತುವೆ ಕಾಯುವ ಹಿಸ್ಕೆ, ದೋಣಿಗಾಗಿ ಮೇಲೆತ್ತಿದ್ದ ಕಾಲುವೆಯ ಸೇತುವೆಯನ್ನು ಕೆಳಗಿಳಿಸಲಿಲ್ಲ.

ಆಚೆ ದಡದಲ್ಲಿ ಸ್ತನ ತಪಾಸಣೆಯ ಬಿಳಿ ಬಸ್ಸು ನಿಂತಿತ್ತು. ಫ್ರಿಸ್‌ಲ್ಯಾಂಡಿನ ಆ ಊರಿಗೆ ಅದು ಬರುವುದು ಎರಡು ವರ್ಷಕ್ಕೊಮ್ಮೆ. ಸ್ಟೇರಿಂಗ್ ಹಿಡಿದು ಕೂತವನು ಅವನೇ... ವಿಬ್ರೆನ್!

"ಹಿಸ್ಕೆ! ಕೆಟ್ಟಿರೋದು ಸೇತುವೆನಾ, ನಿನ್ನ ತಲೆನಾ?" ಅವನು ಕಿಟಕಿಯಿಂದ ಕೂಗಿದ.

ಅವಳು ಗುಂಡಿ ಒತ್ತಿ ಸೇತುವೆ ಇಳಿಸಿದಳು.

ಕಳೆದ ಸಲ ಬಸ್ಸು ಊರಲ್ಲಿದ್ದ ಮೂರು ವಾರವೂ ಅವನು ದಿನಾ ಅವಳ ಕಾವಲು ಕೋಣೆಗೆ ಕಾಫಿಗೆ ಬಂದಿದ್ದ. ಕಾಫಿಗೆ ಒಂದೇ ಬಿಸ್ಕತ್ತು, ಆಮೇಲೆ ಡಬ್ಬಿಯ ಮುಚ್ಚಳ ಟಪ್! ಅಲ್ಲಿನ ಮನೆಮನೆಯ ರಿವಾಜು ಅದು. "ಎರಡನೇದು ಮನೆಯವರಿಗೆ ಮಾತ್ರ" ಎಂದು ಅವಳು ರೇಗಿಸಿದ್ದಳು. ಬಸ್ಸಿನಲ್ಲಿ ತೆಗೆದ ಅವಳ ಎದೆಯ ಎಕ್ಸ್-ರೇ ಚಿತ್ರದಲ್ಲಿ ದೋಷವಿಲ್ಲವೆಂದು ಪತ್ರ ಬಂದ ದಿನ, "ಇನ್ನೆರಡು ವರ್ಷ ನಿಶ್ಚಿಂತೆ!" ಎಂದು ಅವನು ನಕ್ಕಿದ್ದ.

ಒಂಬತ್ತು ತಿಂಗಳಿಗೆ, ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿತು. ಆ ಪತ್ರ ನಂಬಿ ಆರು ವಾರ ಸುಮ್ಮನಿದ್ದಳು...

ಈಗ ಸೇತುವೆ ದಾಟಿ ಬಸ್ಸು ನಿಲ್ಲಿಸಿ ಅವನು ಕಾವಲು ಕೋಣೆಯ ಬಾಗಿಲಿಗೆ ಬಂದ.

"ಹದಿನಾಲ್ಕು ಮೆಸೇಜ್ ಕಳಿಸ್ದೆ. 'ಬೇಡ' ಅಂತಾದ್ರೂ ಬರೀಬಾರದಿತ್ತಾ?"

"ಎರಡು ವರ್ಷ ನಿಶ್ಚಿಂತೆ ಅಂದಿದ್ದೆ. ವರ್ಷ ತುಂಬೋಕೆ ಮುಂಚೆನೇ ಕ್ಯಾನ್ಸರ್ ಬಂತು ವಿಬ್ರೆನ್. ಎಡಗಡೇದು ತೆಗೆದುಬಿಟ್ರು."

ಅವನ ಮುಖ ಬಿಳಿಚಿತು. "ಅಂದ್ರೆ... ನಮ್ಮ ಬಸ್ಸಲ್ಲೇ ಕಣ್ಣು ತಪ್ಪಿತಾ?"

'ಹೌದು ಅಂದುಬಿಡು... ಅವನಾಗಿಯೇ ಹೊರಟು ಹೋಗ್ತಾನೆ.' ನಾಲಿಗೆ ತುದಿಗೆ ಬಂದ ಸುಳ್ಳನ್ನು ಅವಳು ನುಂಗಿಕೊಂಡಳು.

"ಇಲ್ಲ. ಡಾಕ್ಟರು ಹಳೇ ಚಿತ್ರ ಮತ್ತೆ ನೋಡಿದ್ರು. ಅದರಲ್ಲಿ ಏನೂ ಇರಲಿಲ್ಲ. ಎರಡು ತಪಾಸಣೆ ಮಧ್ಯೆ ಹುಟ್ಟಿ ಬೆಳೆಯೋದೂ ಇರುತ್ತಂತೆ. ನಿನ್ನ ತಪ್ಪಲ್ಲ ಅಂತ ಆಗಲೇ ಗೊತ್ತಿತ್ತು. ಆದ್ರೂ ಕೋಪ ಮಾಡ್ಕೊಂಡಿರೋದೇ ಸುಲಭ ಅನ್ನಿಸ್ತು... ಈ ಎದೆ ನೋಡಿ ನೀನು ಮುಖ ತಿರುಗಿಸಿದ್ರೆ?"

"ಪೆದ್ದಿ! ಎರಡು ವರ್ಷ ಈ ಸೇತುವೆ ದಾರಿನೇ ಕಾದವನು ನಾನು. ತಿರುಗಿಸೋಕೆ ಬೇರೆ ಮುಖ ಎಲ್ಲಿಂದ ತರ್ಲಿ?" ಅವನ ಕಣ್ಣು ತುಂಬಿತ್ತು. "ಈಗ ಹೇಗಿದೀಯ?"

"ಈಗ ಚೆನ್ನಾಗಿದೀನಿ. ಕೀಮೋಗೆ ಉದುರಿದ ಕೂದಲು ನೋಡು, ಐವತ್ತಾರನೇ ವಯಸ್ಸಿಗೆ ಗುಂಗುರಾಗಿ ಬಂದಿದೆ!"

ಇಬ್ಬರೂ ನಕ್ಕರು.

"ನಾಳೆಯಿಂದ ಬಸ್ಸಿನ ಮೆಟ್ಟಿಲಲ್ಲೇ ಎಲ್ಲರಿಗೂ ಹೇಳ್ತೀನಿ. ಗಂಟು ಸಿಕ್ಕಿದ್ರೆ ಬಸ್ಸಿಗೆ ಕಾಯ್ಬೇಡಿ, ಅವತ್ತೇ ಡಾಕ್ಟರ ಹತ್ರ ಹೋಗಿ ಅಂತ" ಎಂದ ಅವನು.

ಅವಳು ಕಾಫಿ ಬಗ್ಗಿಸಿದಳು. ಅವನು ಒಂದು ಬಿಸ್ಕತ್ತು ತಿಂದು, ರೂಢಿಯಂತೆ ಮುಚ್ಚಲೆಂದು ಡಬ್ಬಿಯನ್ನು ಅವಳ ಕಡೆ ಸರಿಸಿದ.

ಮುಚ್ಚಳ ಮೇಜಿನ ಮೇಲೆಯೇ ಉಳಿಯಿತು.

"ಇನ್ನೊಂದು ತಗೋ."

"ಹಿಸ್ಕೆ... ಎರಡನೇದು ಮನೆಯವರಿಗಲ್ವಾ?"

"ಅದಕ್ಕೇ ತಗೋ ಅಂದಿದ್ದು."