ರುಯೀ ಅಕ್ಕನ ಮಗ್ಗ

ಚೀನಾದ ಛಾಂಗಾನ್ ಅರಮನೆಯ ರೇಷ್ಮೆ ನೇಯುವ ಮನೆಯಲ್ಲಿ ನಾನು ಇಪ್ಪತ್ತು ವರ್ಷ ದುಡಿದವಳು. ಇದು ನನ್ನ ಕಿವಿಯಾರೆ ಕೇಳಿದ್ದು. ಮಗ್ಗದ ಸದ್ದಿಗೆ ತನ್ನ ಪಂಜರದ ಹಕ್ಕಿ ಹಾಡು ನಿಲ್ಲಿಸಿತೆಂದು ಚಕ್ರವರ್ತಿ ನಮ್ಮ ರುಯೀ ಅಕ್ಕನನ್ನು ಕೊಲ್ಲಿಸಿದ. ಅವಳ ಮಗ್ಗವನ್ನು ಸುಡಿಸಿ, ಕೋಣೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ.

ಮೂರನೆಯ ದಿನ ಮಧ್ಯಾಹ್ನ ಗೋಡೆಯಾಚೆ ಮಗ್ಗ ಆಡತೊಡಗಿತು. ಕಡುಬೇಸಿಗೆಯಲ್ಲೂ ಆ ಇಟ್ಟಿಗೆಗಳು ಮುಟ್ಟಲಾರದಷ್ಟು ತಣ್ಣಗಿದ್ದವು. ಹತ್ತು ಎಳೆಗೊಮ್ಮೆ ಲಾಳಿ ನಿಲ್ಲುತ್ತಿತ್ತು. ಆಗ, ಬದುಕಿದ್ದಾಗಿನಂತೆಯೇ, ಅಕ್ಕನ ಕೆಮ್ಮು ಕೇಳುತ್ತಿತ್ತು.

ಮೇಲ್ವಿಚಾರಕ ಪೇಯ್ ಚಕ್ರವರ್ತಿಯ ಆಜ್ಞೆ ತಂದ. "ಒಳಗೆ ಯಾವ ಸದ್ದೂ ಇಲ್ಲ. ಹಾಗಂತ ಪ್ರತಿಯೊಬ್ಬಳೂ ಹೇಳ್ಬೇಕು. ಹೇಳ್ದಿದ್ರೆ ತಲೆ ಹೋಗುತ್ತೆ."

ಮೊದಲು ನನ್ನನ್ನೇ ಕೇಳಿದ. "ಕೇಳಿಸ್ತಾ ಇದೆ ಸ್ವಾಮಿ," ಎಂದೆ.

ಪಕ್ಕದಲ್ಲಿದ್ದ ಶೆನ್ ಅಜ್ಜಿ ನಕ್ಕಳು. "ನಂಗೆ ಕಿವಿ ಮಂದ. ನಂಗೂ ಕೇಳಿಸ್ತಿದೆ. ದೊರೆಗಳು ಇನ್ನೂ ನಾಲ್ಕು ಸಾಲು ಇಟ್ಟಿಗೆ ಕಟ್ಟಿಸ್ಲಿ ಬಿಡಪ್ಪ."

ಆಮೇಲೆ ನೇಯುವ ಮನೆಯ ನಲವತ್ತು ಹೆಂಗಸರೂ ಒಬ್ಬೊಬ್ಬರಾಗಿ ಕೇಳಿಸುತ್ತಿದೆ ಎಂದೇ ಹೇಳಿದರು.

ಪೇಯ್ ಸಿಟ್ಟಿನಿಂದ ಗೋಡೆಗೆ ಕಿವಿಯಿಟ್ಟ. ಬಹಳ ಹೊತ್ತು ಹಾಗೇ ನಿಂತಿದ್ದ. ನಂತರ ನಮ್ಮಲ್ಲಿ ಒಬ್ಬರ ಹೆಸರನ್ನೂ ಬರೆದುಕೊಳ್ಳದೆ ಹೊರಟುಹೋದ. ಏನು ಕೇಳಿಸಿತೆಂದು ಆತ ಯಾರಿಗೂ ಹೇಳಲಿಲ್ಲ. ಸಾಯುವವರೆಗೂ ಆ ಕಿವಿಗೆ ಮೇಣ ತುಂಬಿಕೊಂಡೇ ಓಡಾಡಿದ.