ಖಾನಾವಳಿಯವನ ಹಸಿವು

“ಈ ಎಲಿ ತಗೀರಿ. ಇವರೆಲ್ಲಾರಿಗೂ ತಾಟು ಕೊಟ್ಟೀರಿ, ನನಗೊಬ್ಬಾಕಿಗೆ ಎಲಿ ಯಾಕ?”

ಲಿಂಗಸುಗೂರಿನ ಬಸ್ಸು ನಿಲ್ಲುವ ಜಾಗದ ಎದುರಿಗಿದ್ದ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಿದ್ದ ಕೈಗಳೆಲ್ಲ ಹಾಗೇ ನಿಂತುಬಿಟ್ಟವು.

ಹೆಣ್ಣುಮಗಳೊಬ್ಬಳು ಒಂಟಿಯಾಗಿ ಬಂದು ಗಂಡಸರ ಸಾಲಿನ ಕೊನೆಗೆ ಕುಳಿತದ್ದೇ ಆ ಊರಿಗೆ ಹೊಸದು. ಅದರ ಮೇಲೆ ಈ ಮಾತು ಬೇರೆ!

ಬಡಿಸುತ್ತಿದ್ದ ಕರಿಬಸಪ್ಪ ಪುಂಡಿಪಲ್ಯದ ಬೋಗುಣಿ ಹಿಡಿದುಕೊಂಡು ಅವಳನ್ನೇ ನೋಡಿದ. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಬಿಳಿ ಸೀರೆ, ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ. ಕಣ್ಣು ತುಂಬಿದ್ದವು, ಆದರೆ ಒಂದು ಹನಿಯನ್ನೂ ಕೆಳಗೆ ಬೀಳಗೊಡುವ ಹೆಣ್ಣಲ್ಲ ಅದು.

“ಅದು... ನಮ್ಮಲ್ಲಿ ಹಂಗ ರೀ,” ಎಂದ.

ಅಷ್ಟೇ! ಇಡೀ ಊರಿಗೆ ಬಡಿಸಿ ಗೊತ್ತಿದ್ದವನಿಗೆ ಎರಡು ಮಾತು ಬಿಡಿಸಿ ಹೇಳಲು ಬರಲಿಲ್ಲ ನೋಡಿ.

ಅವಳು ಎದ್ದಳು. ಎಲೆಯನ್ನು ಮುಟ್ಟದೆ, ಪೆಟ್ಟಿಗೆ ಎತ್ತಿಕೊಂಡು ಉರಿಬಿಸಿಲಿಗೆ ಇಳಿದು ಹೋದಳು.

ಅವಳ ಹೆಸರು ಗದ್ದೆಮ್ಮ. ಹುಟ್ಟಿ ಬೆಳೆದದ್ದು ಹೈದರಾಬಾದು ಶಹರದಲ್ಲಿ. ಅಲ್ಲೇ ಹೆರಿಗೆ ಮಾಡಿಸುವ ತರಬೇತಿ ಮುಗಿಸಿ, 1955ರ ಬೇಸಿಗೆಯಲ್ಲಿ ಲಿಂಗಸುಗೂರಿನ ದವಾಖಾನೆಗೆ ನರ್ಸಮ್ಮನಾಗಿ ಬಂದಿದ್ದಳು.

‘ನಮ್ಮಲ್ಲಿ ಹಂಗ...’ ಈ ಮಾತು ಅವಳಿಗೆ ಹೊಸದೇನಲ್ಲ. ಅವಳ ಅಪ್ಪ ಅಂಬಪ್ಪ ಮಸ್ಕಿಯ ಹರಿಜನ ಕೇರಿಯವನು. ಅಲ್ಲಿನ ಚಹಾದಂಗಡಿಯಲ್ಲಿ ಅವನ ಕೇರಿಯವರಿಗೆಂದು ಒಂದು ಕಪ್ಪನ್ನು ಹೊರಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿದ್ದರು. ಯಾಕೆ ಎಂದು ಕೇಳಿದ್ದಕ್ಕೆ ಅಂಗಡಿಯವನು ಕೊಟ್ಟ ಉತ್ತರ ಇದೇ. ಆ ಉತ್ತರ ಕೇಳಿಯೇ ಅಂಬಪ್ಪ ಊರು ಬಿಟ್ಟು ಶಹರ ಸೇರಿದ್ದ. ಅಲ್ಲಿನ ಇರಾನಿ ಹೋಟೆಲಿನಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಎಲ್ಲರೂ ಕುಡಿಯುವ ಕಪ್ಪಿನಲ್ಲೇ ಚಹಾ ಕುಡಿಸುತ್ತಿದ್ದ. ಅದೊಂದು ಅವನ ದೊಡ್ಡ ದೌಲತ್ತು.

ಅಂಥವನ ಮಗಳು ಎಲೆ ನೋಡಿ ಸಿಟ್ಟಾಗದೆ ಇನ್ನೇನಾಗಬೇಕು?

ಅವಳಿಗೆ ಬಾಡಿಗೆಗೆ ಖೋಲಿ ಕೊಟ್ಟವಳು ಖಾಸಿಂಬೀ. ಆಕೆಯ ಗಂಡ ಮಕ್ತುಮ್‌ಸಾಬ್ ತೊಗಲಿನ ಚೀಲದಲ್ಲಿ ಮನೆಮನೆಗೆ ನೀರು ಹೊರುತ್ತಿದ್ದ. ಹೊಸ ನರ್ಸಮ್ಮನ ಹಂಡೆಯನ್ನು ಮೊದಲ ದಿನವೇ ತುಂಬಿಸಿಕೊಟ್ಟಿದ್ದ. ಸಂಜೆ ಖಾಸಿಂಬೀ ಎಲೆಯ ಕಥೆಯೆಲ್ಲ ಕೇಳಿ ಹಣೆ ಹಣೆ ಬಡಿದುಕೊಂಡಳು.

“ಅಯ್ಯ ನನ ಮಗಳ, ಅದು ಮರ್ಯಾದಿ ಎಲಿ! ಆ ಮನಿಯಾಗ ಮೊದಲನೇ ಸಲ ಉಣ್ಣಾಕ ಬಂದವರಿಗೆ ತಾಟು ಕೊಡೂದಿಲ್ಲ. ಯಾರೂ ಬಾಯಿ ಹಚ್ಚಲಾರದ ಎಲಿಯಾಗ ಶಿವಗ ಎಡಿ ಹಾಕಿದಂಗ ಹಾಕ್ತಾರ. ತಹಶೀಲದಾರ ಸಾಹೇಬ್ರೂ ಮೊದಲನೇ ಊಟ ಎಲಿಯಾಗ ಉಂಡಾರ.”

ಗದ್ದೆಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದೇವರ ಎಡೆ ಒದ್ದು ಬಂದೆನಲ್ಲ... ಆ ಬಡಿಸುವವನು ನನ್ನ ಬಗ್ಗೆ ಏನಂದುಕೊಂಡನೋ!

ಮರುದಿನ ಮಧ್ಯಾಹ್ನ ಕರಿಬಸಪ್ಪನೇ ದವಾಖಾನೆಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಊಟದ ಡಬ್ಬಿ. ಹಸಿದು ಎದ್ದುಹೋದ ಹೆಣ್ಣುಮಗಳು ನೆನಪಾಗಿ ಖಾನಾವಳಿಯ ಒಲೆ ನೋಡಿಕೊಳ್ಳುವ ತನ್ನ ಅವ್ವ ವೀರಭದ್ರಮ್ಮ ರಾತ್ರಿ ಊಟ ಮಾಡಲಿಲ್ಲವೆಂದೂ, ಡಬ್ಬಿ ಅವಳೇ ತುಂಬಿ ಕಳಿಸಿದಳೆಂದೂ ನೆಲ ನೋಡುತ್ತ ಹೇಳಿದ. ಗದ್ದೆಮ್ಮ ತಪ್ಪಾಯಿತೆಂದಳು. ತಪ್ಪು ತನ್ನದು, ಬಿಡಿಸಿ ಹೇಳಬೇಕಿತ್ತು ಎಂದು ಅವನೆಂದ. ಇಬ್ಬರೂ ತಪ್ಪು ತಮ್ಮದೇ ಎಂದು ಹಟ ಹಿಡಿದು ಕೊನೆಗೆ ನಕ್ಕರು.

ಅಂದಿನಿಂದ ಡಬ್ಬಿ ದಿನಾ ಬರತೊಡಗಿತು. ಸುಡುಸುಡು ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಹಿಂಡಿ. ಡಬ್ಬಿಗಿಂತ ಡಬ್ಬಿ ತರುವವನ ದಾರಿಯನ್ನೇ ತಾನು ಹೆಚ್ಚು ಕಾಯುತ್ತಿದ್ದೇನೆಂದು ಅವಳಿಗೆ ತಿಳಿಯಲು ಮಳೆಗಾಲ ಬರಬೇಕಾಯಿತು.

ಅವನು ಶಹರದ ಸುದ್ದಿ ಕೇಳುತ್ತಿದ್ದ. ಅವಳು ಇರಾನಿ ಹೋಟೆಲಿನ ಕಥೆ ಹೇಳುತ್ತಿದ್ದಳು. ಅಲ್ಲಿ ಯಾರೂ ಯಾರ ಕುಲ ಕೇಳುವುದಿಲ್ಲ, ನವಾಬನ ಮೊಮ್ಮಗನೂ ಹಮಾಲಿ ಮಾಡುವವನೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ ಎಂದಾಗ ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ರೀ ಹಾಕಿ ಮಾತಾಡುತ್ತಿದ್ದವರು ಯಾವಾಗ ನೀ ಅನ್ನತೊಡಗಿದರೋ ಇಬ್ಬರಿಗೂ ನೆನಪಿಲ್ಲ.

‘ನಾನು ಯಾರೆಂದು ಇವನು ಯಾಕೆ ಕೇಳುವುದಿಲ್ಲ? ಕೇಳಿದರೆ ಹೇಳುತ್ತೇನೆ. ಹೇಳಿದ ಮೇಲೂ ಡಬ್ಬಿ ಬರುತ್ತದೆಯೇ?’

ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ. ಹೇಳಿದ್ದು ಅಜ್ಜಿ.

ಮಸ್ಕಿಯಿಂದ ಅಜ್ಜಿ ಯಮನಮ್ಮ ಮೊಮ್ಮಗಳನ್ನು ನೋಡಲು ಬಂದಿದ್ದಳು. ಬಸ್ಸಿನಿಂದ ಇಳಿದವಳಿಗೆ ಮನೆ ಗೊತ್ತಿಲ್ಲ. ಎದುರಿಗೆ ಖಾನಾವಳಿ ಕಂಡಿತು. ಜನ್ಮವೆಲ್ಲ ನಡೆದುಕೊಂಡು ಬಂದಂತೆ ಕಾಲಿನ ಕೆರವನ್ನು ಕೈಗೆ ತೆಗೆದುಕೊಂಡು, ಮೆಟ್ಟಿಲಿಗೆ ದೂರ ನಿಂತು, ನರ್ಸಮ್ಮ ಗದ್ದೆಮ್ಮ ತನ್ನ ಮೊಮ್ಮಗಳೆಂದೂ, ಅವಳ ಖೋಲಿ ಎಲ್ಲೆಂದೂ ಕೇಳಿದಳು. ಕುಡಿಯಲು ನೀರು ಕೇಳಿ ಬೊಗಸೆ ಒಡ್ಡಿದಳು.

ವೀರಭದ್ರಮ್ಮ ಮೇಲಿನಿಂದ ನೀರು ಹೊಯ್ದಳು. ಹೊಯ್ಯುವಾಗಲೇ ಅವಳಿಗೆ ಎಲ್ಲ ಅರ್ಥವಾಯಿತು.

ಕೆಟ್ಟ ಹೆಂಗಸಲ್ಲ ವೀರಭದ್ರಮ್ಮ. ಯಾರನ್ನೂ ಹಸಿದು ಕಳಿಸಿದವಳಲ್ಲ. ದಿನಾ ಪೂಜೆಗೆ ಕುಳಿತು ಶರಣರ ಮಾತು ಹೇಳುವವಳು. ಹೇಳುವುದು ಬೇರೆ, ಅಡುಗೆಮನೆಯ ಹೊಸ್ತಿಲು ಬೇರೆ, ಅಷ್ಟೇ!

ಆಮೇಲೂ ಡಬ್ಬಿ ಬರುತ್ತಲೇ ಇತ್ತು. ಕರಿಬಸಪ್ಪ ಎಂದಿನಂತೆ ನಗುತ್ತಲೇ ಇದ್ದ. ಅಜ್ಜಿ ಎಲ್ಲಿ ನಿಂತು ಕೇಳಿದಳೆಂದು ತಿಳಿದಾಗಿನಿಂದ ಎದೆ ಹಿಡಿದುಕೊಂಡೇ ಇದ್ದ ಗದ್ದೆಮ್ಮ ಆ ನಗು ನೋಡಿ ಹಗುರಾದಳು. ಗೊತ್ತಾದ ಮೇಲೂ ಬಂದಿದ್ದಾನೆ... ಗೊತ್ತಾದ ಮೇಲೂ!

ಅವಳು ಅವನನ್ನು ಪೂರಾ ನಂಬಿದ್ದು ಆ ದಿನಗಳಲ್ಲೇ.

ಒಂದು ಮಧ್ಯಾಹ್ನ ಹೆರಿಗೆಯೊಂದನ್ನು ಮುಗಿಸಿ ಬರುವಾಗ ಖಾನಾವಳಿಯ ಹಿಂದಿನ ಸಂದಿ ಅಡ್ಡ ಬಂತು. ಹಿತ್ತಲ ಬಾಗಿಲು ತೆರೆದಿತ್ತು. ಕಾಲು ತಾವಾಗಿಯೇ ನಿಂತವು.

ಬೇವಿನ ಗಿಡದ ಕೆಳಗೆ ಕರಿಬಸಪ್ಪ ಕುಕ್ಕುರುಗಾಲಲ್ಲಿ ಕುಳಿತು ಅವಳ ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದ. ಉಳಿದ ಪಾತ್ರೆಗಳೆಲ್ಲ ಬಚ್ಚಲ ಹತ್ತಿರ ಒಟ್ಟಿದ್ದವು. ವೀರಭದ್ರಮ್ಮ ಹೊಸ್ತಿಲ ಒಳಗೇ ನಿಂತು ದೂರದಿಂದ ಡಬ್ಬಿಯ ಮೇಲೆ ನೀರು ಎರಚಿದಳು. ಅವನು ಅದನ್ನು ತೊಳೆದು, ಒಳಗೆ ಒಯ್ಯದೆ, ಗಿಡದ ಟೊಂಗೆಗೆ ನೇತುಹಾಕಿದ.

ತಿರುಗಿದಾಗ ಗದ್ದೆಮ್ಮ ಕಂಡಳು.

“ಯಾವಾಗಿಂದ?” ಅವಳ ಧ್ವನಿ ಸಣ್ಣಗಿತ್ತು.

“ನಿಮ್ಮಜ್ಜಿ ಬಂದು ಹೋದ ದಿನದಿಂದ.”

“ನಾ ದಿನಾ ಉಂಡೆ. ಚಲೋ ಐತಿ ಅಂದೆ. ನೀ ನಕ್ಕಿ.”

“ನಿನಗ ನೋವಾಗಬಾರದಂತ ಹೇಳಲಿಲ್ಲ, ಗದ್ದೆಮ್ಮ. ಅವ್ವ ಡಬ್ಬಿ ಕಳಿಸೂದ ಬ್ಯಾಡಂದ್ಲು. ನಾನ ತಿಕ್ತೀನಿ, ಹೊರಗ ಇಡ್ತೀನಂತ ಒಪ್ಪಿಸಿದೆ. ನೀ ಯಾರಂತ ನನಗ ಮೊದಲನೇ ದಿನಾನ ತಿಳದಿತ್ತು. ಎಲಿ ನೋಡಿ ಅಷ್ಟು ಸಿಟ್ಟು ಬರಾಕ ಏನೋ ಕಾರಣ ಇರಬೇಕಲ್ಲ.”

“ಮೊದಲನೇ ದಿನ ನಾ ತಪ್ಪು ತಿಳಕೊಂಡಿದ್ದೆ. ಈಗ ಅದನ್ನ ಖರೇ ಮಾಡಿದಿ ನೀ. ನನಗ ಗೊತ್ತಿಲ್ದಂಗ ನನ್ನ ದಿನಾ ಈ ಹಿತ್ತಲದಾಗ ಕೂಡಿಸಿ ಉಣಿಸಿದಿ.”

ಅವನ ಬೂದಿ ಮೆತ್ತಿದ ಕೈ ಹಾಗೇ ಮುಂದಕ್ಕೆ ಚಾಚಿಕೊಂಡಿತ್ತು.

“ನಮ್ಮಪ್ಪನ ಕಪ್ಪು ಗೂಡಿನಾಗಿತ್ತು, ಅವಗ ಕಾಣತಿತ್ತು. ಬಿಟ್ಟು ಹೋದ. ನನ್ನ ಡಬ್ಬಿ ಎಲ್ಲೈತಂತ ನನಗ ಕಾಣದಂಗ ಮಾಡಿದಿ. ಇನ್ನ ತರಬ್ಯಾಡ.”

ಅವಳು ಅತ್ತದ್ದು ಖೋಲಿಯ ಬಾಗಿಲು ಹಾಕಿಕೊಂಡ ಮೇಲೆ. ಅವನು ಮರುದಿನವೂ ಬಂದ, ಅದರ ಮರುದಿನವೂ ಬಂದ. ದವಾಖಾನೆಯ ಬಾಗಿಲಲ್ಲಿ ಡಬ್ಬಿ ತಣ್ಣಗಾಯಿತೇ ಹೊರತು ಅವಳು ಹೊರಗೆ ಬರಲಿಲ್ಲ. ಪ್ರೀತಿಯಿಲ್ಲದ್ದಕ್ಕಲ್ಲ. ಪ್ರೀತಿ ಇತ್ತು, ಅದಕ್ಕೇ ಆ ಡಬ್ಬಿಯ ಅನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಬಾಯಿಬಿಟ್ಟು ಕೇಳಿಕೊಂಡು ಸಿಂಧನೂರಿಗೆ ವರ್ಗ ಮಾಡಿಸಿಕೊಂಡಳು.

ಸಿಂಧನೂರಿನಲ್ಲಿ ಆಗಷ್ಟೇ ಕಾಲುವೆಯ ನೀರು ಬಂದು ಊರು ಗಿಜಿಗುಡುತ್ತಿತ್ತು. ಹೊಸ ಹೋಟೆಲುಗಳು ಎದ್ದಿದ್ದವು. ಗದ್ದೆಮ್ಮ ಒಂದರೊಳಗೂ ಕಾಲಿಡಲಿಲ್ಲ. ಶಹರದಲ್ಲಿ ಒಲೆ ಊದಿ ಗೊತ್ತಿಲ್ಲದವಳು ಈಗ ತಾನೇ ರೊಟ್ಟಿ ಬಡಿಯಲು ಕುಳಿತಳು. ಒಂದು ಸುಟ್ಟಿತು, ಇನ್ನೊಂದು ಹರಿಯಿತು. ಸಾಲಗುಂದದಿಂದ ಮದ್ದಿಗೆ ಬರುತ್ತಿದ್ದ ಹೆಂಗಸರು ನಕ್ಕು ನಕ್ಕು ಹಿಟ್ಟು ನಾದುವುದನ್ನು ಹೇಳಿಕೊಟ್ಟರು.

ಕಲಿತಳು. ಆದರೆ ರೊಟ್ಟಿ ಮುರಿಯುವಾಗೆಲ್ಲ ಅವನು ನೆನಪಾಗುತ್ತಿದ್ದ. ‘ಇವನಿಗೊಂದು ಬಾಯಿ ಕೊಟ್ಟಿದ್ದರೆ ದೇವರ ಗಂಟೇನು ಹೋಗುತ್ತಿತ್ತು? ಅವ್ವನ ಮುಂದೆ ಒಂದು ಮಾತು... ಒಂದೇ ಒಂದು ಮಾತು!’

ಸಂತೆಯ ದಿನ. ಮಧ್ಯಾಹ್ನದ ಹೊತ್ತು ಬಾಗಿಲು ಸದ್ದಾಯಿತು. ತೆರೆದರೆ ಕರಿಬಸಪ್ಪ. ಕೈ ಬರಿದಾಗಿದ್ದವು. ಮುಖ ಇಳಿದಿತ್ತು.

ಗದ್ದೆಮ್ಮ ಮುಚ್ಚಿಬಿಡಬೇಕೆಂದು ಬಾಗಿಲಿಗೆ ಕೈ ಹಾಕಿದಳು.

“ಹಸದು ಬಂದೀನಿ,” ಎಂದ ಅವನು. “ನಿನ್ನೆಯಿಂದ ಉಂಡಿಲ್ಲ. ನಿನ್ನ ಕೈಯಾಗಿನ ಊಟ ಬೇಕು.”

“ನಿಮ್ಮವ್ವಗ ಗೊತ್ತೈತೇನು?”

“ಹೇಳೇ ಬಂದೀನಿ. ಗದ್ದೆಮ್ಮನ್ನ ಬಿಟ್ಟು ಇರಾಕ ಆಗವಲ್ದು, ಆಕಿ ಒಪ್ಪಿದ್ರ ಮದಿವಿ ಆಗ್ತೀನಿ, ಆಕಿ ಡಬ್ಬಿ ಹೊರಗಿಡೂ ಮನಿಯಾಗ ನಾನೂ ಇನ್ನ ಉಣ್ಣೂದಿಲ್ಲ ಅಂದೀನಿ.”

“ಆಕಿ ಏನಂದ್ಲು?”

“ತಿರುಗಿ ಬಂದ್ರ ಬಾಗಲಾ ತೆಗಿತೀನೋ ಇಲ್ಲೋ ಗೊತ್ತಿಲ್ಲ ಅಂದ್ಲು.” ಅವನು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. “ಅತ್ಲು, ಗದ್ದೆಮ್ಮ. ಆಕಿ ಅಳೂದು ನೋಡಿನೂ ಬಂದೀನಿ.”

ಅವಳಿಗೆ ಅವನನ್ನು ಒಳಗೆಳೆದುಕೊಳ್ಳಬೇಕೆನ್ನಿಸಿತು. ಆದರೆ ಒಳಗೆ ಕರೆದು ಬಾಗಿಲು ಹಾಕಿದರೆ ಇದೂ ಒಂದು ಹಿತ್ತಲೇ ಆಗುತ್ತದಲ್ಲ? ಅವಳು ತಡೆದುಕೊಂಡಳು.

“ಒಳಗ ಬ್ಯಾಡ. ಅಲ್ಲಿ ಕಟ್ಟಿ ಮ್ಯಾಲೆ ಕೂಡ್ರು. ಅಲ್ಲೇ ನೀಡ್ತೀನಿ.”

ಮನೆಯ ಮುಂದಿನ ಕಟ್ಟೆ ಸಂತೆಯ ದಾರಿಗೇ ಇತ್ತು. ಮೂರು ಊರಿನ ಜನ ಅದೇ ದಾರಿಯಲ್ಲಿ ಹೋಗುತ್ತಿದ್ದರು. ಕರಿಬಸಪ್ಪ ಒಮ್ಮೆ ದಾರಿ ನೋಡಿದ, ಒಮ್ಮೆ ಅವಳ ಮುಖ ನೋಡಿದ. ಅವಳು ಏನು ಕೇಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಹೋಗಿ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

ಅವಳು ತಾಟಿಗೆ ರೊಟ್ಟಿ, ಪಲ್ಯ, ಒಂದು ಬಟ್ಟಲು ಸಾರು ಹಾಕಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ದಾರಿಯಿಂದ ಯಾರೋ ಕೂಗಿದರು. ಲಿಂಗಸುಗೂರಿನ ಕಾಳಿನ ವ್ಯಾಪಾರಿ ವಿರೂಪಾಕ್ಷಪ್ಪ, ಖಾನಾವಳಿಯಲ್ಲಿ ವರ್ಷಗಟ್ಟಲೆ ಉಂಡವನು. ಇದೇನು ಕರಿಬಸಪ್ಪ, ದವಾಖಾನೆ ನರ್ಸಮ್ಮನ ಕಟ್ಟೆಯ ಮೇಲೆ ಏನು ಕೆಲಸ ಎಂದು ಕೇಳಿದ.

ಗದ್ದೆಮ್ಮ ಬಾಗಿಲ ಹಿಂದೆ ಕಲ್ಲಾದಳು. ಮದ್ದಿಗೆ ಬಂದೀನಿ ಅಂದರೂ ಸಾಕು, ಎಲ್ಲ ಮುಚ್ಚಿಹೋಗುತ್ತದೆ. ಮುಚ್ಚುವುದು ಅವನಿಗೆ ರೂಢಿಯಾದ ಕೆಲಸ.

“ಊಟಕ್ಕ ಕುಂತೀನ್ರಿ ಸಾವುಕಾರ,” ಕರಿಬಸಪ್ಪನ ದನಿ ದಾರಿಯ ಆಚೆಗೂ ಕೇಳುವಂತಿತ್ತು. “ಇಕಿನ್ನ ಮದಿವಿ ಆಗಾಂವ ಅದೀನಿ. ಬರ್ರಿ, ನೀವೂ ಕೂಡ್ರಿ.”

ವಿರೂಪಾಕ್ಷಪ್ಪ ನಿಂತ. ಬಾಗಿಲಿಗೆ ಬಂದು ನಿಂತ ಗದ್ದೆಮ್ಮನನ್ನು ನೋಡಿದ, ಅವಳ ಕೈಯ ತಾಟನ್ನು ನೋಡಿದ. ಗಂಟಲು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಗೊಣಗಿ ಹೊರಟುಹೋದ. ಸಂಜೆಯ ಹೊತ್ತಿಗೆ ಲಿಂಗಸುಗೂರು ಪೂರ್ತಿ ಈ ಸುದ್ದಿ ಉಣ್ಣುತ್ತದೆ, ಅನುಮಾನವೇ ಇಲ್ಲ.

ಅವಳು ತಾಟನ್ನು ಅವನ ಮುಂದಿಟ್ಟಳು. ಕರಿಬಸಪ್ಪ ದಿನವೂ ಉಣ್ಣುವ ಮುಂಚೆ ಮಾಡುವಂತೆ ಕೊರಳ ಲಿಂಗವನ್ನು ಅಂಗೈಯಲ್ಲಿ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದ. ಆಮೇಲೆ ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ.

ಗದ್ದೆಮ್ಮನ ಕಣ್ಣೀರು ಈ ಸಲ ನಿಲ್ಲಲಿಲ್ಲ. ಸೆರಗಿನಿಂದ ಒರೆಸಿಕೊಳ್ಳುತ್ತ ಅವಳೂ ಕಟ್ಟೆಯ ಮೇಲೆ, ಅವನ ಪಕ್ಕಕ್ಕೇ ಕುಳಿತಳು.

“ಹೆಂಗ ಐತಿ?” ಎಂದು ಕೇಳಿದಳು.

ಅವನು ಎರಡನೆಯ ತುತ್ತನ್ನೂ ನುಂಗಿ, ಖಾನಾವಳಿಯವನ ಗತ್ತಿನಲ್ಲಿ ಸ್ವಲ್ಪ ಯೋಚನೆ ಮಾಡಿದ.

“ಖರೇ ಹೇಳಲೇನು?”

“ಖರೇನ ಹೇಳು. ಇನ್ನ ಮ್ಯಾಲೆ ಬರೇ ಖರೇನ.”

“ಸಾರಿಗೆ ಉಪ್ಪು ಕಡಿಮಿ ಆಗೈತಿ.”

ಅವಳು ಅಳುತ್ತಲೇ ನಕ್ಕಳು.

“ನಾಳಿಂದ ನೀನ ಹಾಕು,” ಎಂದಳು.